ಕಾಡಿಗೆ ತೆನೆಯೂ ಮೈಲುತುತ್ತವೂ

ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಡೆ ಹುಟ್ಟಿ ಬೆಳೆದವರಿಗೆ ಕಾಡಿಗೆ ತೆನೆಯ ಪರಿಚಯ ಹೇಳಬೇಕಾದುದಿಲ್ಲ. ಜೋಳ ಎದೆಮಟ್ಟ ಬೆಳೆದು ಹೊಡೆ ಬಿಚ್ಚುವವರೆಗೆ ಹೊಲದಲ್ಲಿ ಯಾವ ಕೊರತೆಯೂ ಕಾಣುವುದಿಲ್ಲ. ತೆನೆ ಹೊರಬಂದ ಮೇಲೆ ನೋಡಿದರೆ ಕಾಳು ಇರಬೇಕಾದ ಕಡೆ ಬೂದುಬಿಳುಪಿನ ಚಿಕ್ಕ ಚಿಕ್ಕ ಚೀಲಗಳು. ಒಂದನ್ನು ಬೆರಳಲ್ಲಿ ಹಿಚುಕಿದರೆ ಒಳಗಿನಿಂದ ಕಾಡಿಗೆಯಂಥ ಕರಿಯ ಹುಡಿ. ಹುಡುಗರು ಅದರಿಂದ ಮೀಸೆ ಬರೆದುಕೊಂಡು ಆಡುತ್ತಿದ್ದರು. ಈ ಲೇಖಕನೂ ಬರೆದುಕೊಂಡವನೇ. ಹಿರಿಯರು ಮಾತ್ರ ಆ ಆಟವನ್ನು ಕಂಡು ನಗುತ್ತಿರಲಿಲ್ಲ. ಅವರ ಕಣ್ಣಿಗೆ ಅದು ಹಗೇವಿಗೆ ಹೋಗಬೇಕಾಗಿದ್ದ ಕಾಳು.

ಈ ರೋಗದ ಕಪಟವೆಲ್ಲ ಕಣದಲ್ಲಿದೆ. ಒಳ್ಳೆಯ ತೆನೆ, ಕಾಡಿಗೆಯ ತೆನೆ ಎರಡೂ ಒಂದೇ ಕಣಕ್ಕೆ ಬೀಳುತ್ತವೆ. ಹಂತಿ ಹೂಡಿ ಎತ್ತುಗಳು ತುಳಿಯುತ್ತ ಸುತ್ತುವಾಗ ಆ ಚೀಲಗಳು ಒಡೆಯುತ್ತವೆ. ಕರಿಯ ಹುಡಿ ಎದ್ದು, ಕೇಡೇ ಇಲ್ಲದ ಕಾಳಿನ ಮೈಗೆಲ್ಲ ಅಂಟಿಕೊಳ್ಳುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಡಿ ಅದು. ರೈತನು ಅದೇ ರಾಶಿಯಿಂದ ಬೀಜಕ್ಕೆಂದು ಜೋಳ ಎತ್ತಿಡುತ್ತಾನೆ. ಮುಂದಿನ ವರ್ಷ ಕೂರಿಗೆಯ ಬಟ್ಟಲಿನಿಂದ ಬೀಜ ಇಳಿಯುವಾಗ ಹುಡಿಯೂ ಅದರ ಜೊತೆಗೇ ಮಣ್ಣಿಗೆ ಇಳಿಯುತ್ತದೆ. ಬೀಜ ಮೊಳೆತಾಗ ಹುಡಿಯೂ ಮೊಳೆಯುತ್ತದೆ. ಎಳೆಯ ಸಸಿಯ ಒಳಹೊಕ್ಕು, ಸುಳಿಯ ಜೊತೆಯಲ್ಲಿ ತಾನೂ ಮೇಲೇರುತ್ತ, ತೆನೆ ಕಟ್ಟುವ ಹೊತ್ತಿಗೆ ಕಾಳಿನ ಸ್ಥಾನದಲ್ಲಿ ತಾನು ಕೂಡುತ್ತದೆ. ಮಳೆಯ ದೋಷ, ನಕ್ಷತ್ರದ ದೋಷ ಎಂದು ಜನ ಅಂದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಬಿತ್ತಿದ ದಿನ ಆದ ಕೇಡು ಮೂರು ತಿಂಗಳ ಮೇಲೆ ಕಾಣಿಸಿಕೊಂಡರೆ ಯಾರು ತಾನೆ ಎರಡನ್ನೂ ಗಂಟುಹಾಕಿಯಾರು?

ಗಂಟು ಹಾಕಿದವನು ಒಬ್ಬನಿದ್ದನು, ಆದರೆ ಜೋಳದ ನಾಡಿನಲ್ಲಲ್ಲ, ಗೋದಿಯ ನಾಡಿನಲ್ಲಿ. ಫ್ರಾನ್ಸಿನ ಮೊಂತೋಬಾನ್ ಪಟ್ಟಣದಲ್ಲಿ ಬೆನೆಡಿಕ್ಟ್ ಪ್ರೆವೋ ಎಂಬ ಉಪಾಧ್ಯಾಯನು ಗೋದಿಯ ಕಾಡಿಗೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ವರ್ಷಗಟ್ಟಲೆ ನೋಡಿದನು. ಕರಿಯ ಹುಡಿಯ ಒಂದೊಂದು ಕಣವೂ ಒಂದೊಂದು ಬೀಜದಂತೆ ನೀರಿನಲ್ಲಿ ಮೊಳೆಯುವುದನ್ನು ಕಂಡನು. ಆದರೆ ತಾಮ್ರದ ಪಾತ್ರೆಯ ಸಂಪರ್ಕವಿದ್ದ ನೀರಿನಲ್ಲಿ ಅವು ಮೊಳೆಯಲಿಲ್ಲ! ತಾಮ್ರದ ಲೇಶ ಅಂಶವೂ ಈ ಹುಡಿಯ ಪ್ರಾಣ ಹಿಂಡುತ್ತದೆ ಎಂಬುದನ್ನು ಪರೀಕ್ಷೆಗಳಿಂದ ಗೊತ್ತುಮಾಡಿಕೊಂಡು 1807ರಲ್ಲಿ ಒಂದು ಪ್ರಬಂಧ ಪ್ರಕಟಿಸಿದನು. ರೋಗವೇ ಶಿಲೀಂಧ್ರವನ್ನು ಹುಟ್ಟಿಸುತ್ತದೆ, ಶಿಲೀಂಧ್ರ ರೋಗವನ್ನು ಹುಟ್ಟಿಸುವುದಿಲ್ಲ ಎಂದು ನಂಬಿದ್ದ ಕಾಲ ಅದು. ಪಂಡಿತರು ಅವನ ಮಾತನ್ನು ಅತ್ತ ಸರಿಸಿದರು. ಅರ್ಧ ಶತಮಾನ ಕಳೆದ ಮೇಲೆ, 1858ರಲ್ಲಿ, ಜರ್ಮನಿಯ ಯೂಲಿಯುಸ್ ಕ್ಯೂನ್ ಬೆಳೆಗಳ ರೋಗಗಳನ್ನು ಕುರಿತು ಬರೆದ ದೊಡ್ಡ ಗ್ರಂಥದಲ್ಲಿ ಬೀಜವನ್ನು ತಾಮ್ರದ ನೀರಿನಲ್ಲಿ ನೆನೆಸುವ ಕ್ರಮಕ್ಕೆ ಮತ್ತೆ ಮಾನ್ಯತೆ ಸಿಕ್ಕಿತು.

ಆ ತಾಮ್ರದ ಲವಣಕ್ಕೆ ನಾವು ಮೈಲುತುತ್ತ ಎನ್ನುತ್ತೇವೆ. ಸಂಸ್ಕೃತದ ಮಯೂರತುತ್ಥವೇ ಅದು. ನವಿಲಿನ ಕೊರಳ ನೀಲಿ ಅದಕ್ಕಿರುವುದರಿಂದ ಬಂದ ಹೆಸರು. ಮರಾಠಿಯವರ ಮೋರಚೂದದಲ್ಲಿಯೂ ನವಿಲೇ ಕುಳಿತಿದೆ. ಗಂಧಿಗರ ಅಂಗಡಿಯಲ್ಲಿ ತೂಕಕ್ಕೆ ಸಿಗುವ ಈ ಹರಳನ್ನು ನಮ್ಮ ಹಳೆಯ ವೈದ್ಯರು ಬಲ್ಲರು; ಕುರಿ ದನಗಳ ಗೊರಸು ಕೊಳೆತಾಗ ಇದರ ನೀರಿನಲ್ಲಿ ಕಾಲು ಅದ್ದಿಸುವುದನ್ನು ಹಳ್ಳಿಯವರೂ ಬಲ್ಲರು. ಮನುಷ್ಯನ ಮೈಗೂ ದನದ ಗೊರಸಿಗೂ ಬಳಸಿದ ಮದ್ದನ್ನು ಬೆಳೆಗೆ ಬಳಸಬಹುದೆಂಬುದು ಮಾತ್ರ ಹೊಸ ಮಾತಾಗಿತ್ತು.

ಆ ಹೊಸ ಮಾತನ್ನು ನಮ್ಮ ಭಾಗಕ್ಕೆ ತಂದದ್ದು ಮುಂಬಯಿ ಪ್ರಾಂತದ ಕೃಷಿ ಇಲಾಖೆ. ಧಾರವಾಡ ಜಿಲ್ಲೆ ಅಂದು ಆ ಪ್ರಾಂತದ ದಕ್ಷಿಣ ಭಾಗದಲ್ಲಿತ್ತು. ಇಪ್ಪತ್ತನೆಯ ಶತಮಾನದ ಆದಿಯ ದಶಕಗಳಲ್ಲಿ, ಜೋಳದ ಬೀಜವನ್ನು ಮೈಲುತುತ್ತದ ನೀರಿನಲ್ಲಿ ಅದ್ದಿ ಒಣಗಿಸಿ ಬಿತ್ತಿರಿ ಎಂದು ಇಲಾಖೆ ರೈತರಿಗೆ ಹೇಳತೊಡಗಿತು. ಈ ವಿಷಯವನ್ನು ಬುಡದಿಂದ ಶೋಧಿಸಿದವರು ಪುಣೆಯ ಜಿ. ಎಸ್. ಕುಲಕರ್ಣಿ. ಮುಂಬಯಿ ಪ್ರಾಂತದ ಜೋಳದ ಕಾಡಿಗೆಗಳನ್ನು ಕುರಿತ ಅವರ ಪುಸ್ತಿಕೆಯನ್ನು 1918ರಲ್ಲಿ ಪೂಸಾದ ಕೃಷಿ ಸಂಶೋಧನ ಸಂಸ್ಥೆ ಪ್ರಕಟಿಸಿತು. ಕಾಡಿಗೆ ಒಂದಲ್ಲ, ನಾಲ್ಕು. ಕಾಳಿಗೆ ಬರುವುದು ಒಂದು. ಸಡಿಲ ಕಾಡಿಗೆ ಇನ್ನೊಂದು. ಇಡೀ ತೆನೆಯನ್ನೇ ನುಂಗುವುದು ಮೂರನೆಯದು. ಅಲ್ಲೊಂದು ಇಲ್ಲೊಂದು ಕಾಳನ್ನು ಉದ್ದುದ್ದ ಕೋಡಿನಂತೆ ಮಾಡುವುದು ನಾಲ್ಕನೆಯದು. ಈ ವಿಂಗಡಣೆ ಪಂಡಿತರ ಕುತೂಹಲಕ್ಕಾಗಿ ಮಾಡಿದ್ದಲ್ಲ. ಮೊದಲ ಎರಡು ಬೀಜದ ಮೈಮೇಲೆ ಕುಳಿತು ಬರುವಂಥವು; ಬೀಜಕ್ಕೆ ಮದ್ದು ಹಾಕಿದರೆ ಅವು ಹೋಗುತ್ತವೆ. ಮೂರನೆಯದು ಮಣ್ಣಿನಲ್ಲಿ ಉಳಿಯುತ್ತದೆ, ನಾಲ್ಕನೆಯದು ಹೂವಾಡುವ ಹೊತ್ತಿಗೆ ಗಾಳಿಯಲ್ಲಿ ಬರುತ್ತದೆ. ಅವಕ್ಕೆ ಬೀಜದ ಮದ್ದು ನಾಟುವುದಿಲ್ಲ. ಮದ್ದು ಹಾಕಿಯೂ ಕಾಡಿಗೆ ಕಂಡಿತೆಂದು ಇಲಾಖೆಯವರನ್ನು ಬೈದ ರೈತನೂ ಸುಳ್ಳನಲ್ಲ, ಮದ್ದು ಸರಿಯಾದುದೆಂದ ಇಲಾಖೆಯವರೂ ಸುಳ್ಳರಲ್ಲ.

ಕೆಲಸ ಕಾಗದದ ಮೇಲೆ ಸುಲಭ. ಬಿತ್ತಿಗೆಯ ದಿನಗಳಲ್ಲಿ ಅಷ್ಟು ಸುಲಭವಲ್ಲ. ಹದ ಬಂದಿದೆ, ಮೋಡ ಕವಿದಿದೆ, ಎತ್ತು ಕೂರಿಗೆ ಕಾದಿವೆ. ಆಗ ಬೀಜವನ್ನು ನೀಲಿ ನೀರಿನಲ್ಲಿ ಅದ್ದಿ, ಹೊತ್ತು ನೋಡಿ ಎತ್ತಿ, ನೆರಳಿನಲ್ಲಿ ಹರವಿ ಒಣಗಿಸುತ್ತ ಕೂಡುವ ವ್ಯವಧಾನ ಯಾರಿಗೆ? ಹೊತ್ತು ಮೀರಿದರೆ ಬೀಜದ ಮೊಳಕೆಯೇ ಸುಟ್ಟುಹೋಗುತ್ತದೆ. ಸರಿಯಾಗಿ ಒಣಗದ ಬೀಜ ಕೂರಿಗೆಯ ತಾಳಿನಲ್ಲಿ ಅಂಟಿಕೊಳ್ಳುತ್ತದೆ. ಅದ್ದಿದ ಮೇಲೆ ಮಳೆ ಹಿಡಿದು ಬಿತ್ತಿಗೆ ನಿಂತರೆ ಆ ಬೀಜ ಉಣ್ಣುವುದಕ್ಕೂ ಇಲ್ಲ, ಮಾರುವುದಕ್ಕೂ ಇಲ್ಲ. ಇಷ್ಟೆಲ್ಲ ತೊಡಕು ಕಂಡೇ ಒಣಮದ್ದಿನ ಹುಡುಕಾಟ ನಡೆಯಿತು. ಆಸ್ಟ್ರೇಲಿಯದಲ್ಲಿ ಇದೇ ಕಾಲಕ್ಕೆ ಗೋದಿಗೆ ತಾಮ್ರದ ಕಾರ್ಬೊನೇಟಿನ ಒಣಹುಡಿ ಬಂತು; ನಮ್ಮಲ್ಲಿ ಜೋಳಕ್ಕೆ ನಯವಾಗಿ ಅರೆದ ಗಂಧಕದ ಹುಡಿ ಬಂತು. ಒಂದು ಕಿಲೋ ಬೀಜಕ್ಕೆ ನಾಲ್ಕು ಗ್ರಾಂ ಗಂಧಕ ಹಾಕಿ ಮಡಕೆಯಲ್ಲಿ ಕುಲುಕಿದರೆ ಮುಗಿಯಿತು. ಬಿತ್ತುವ ಮುಂಚೆ ಎಷ್ಟೋ ದಿನ ಮೊದಲು ಕಲಸಿ ಇಡಬಹುದು, ಮೊಳಕೆಗೆ ಕೇಡಿಲ್ಲ, ಖರ್ಚೂ ಅತ್ಯಲ್ಪ. ಹೀಗೆ ನಮ್ಮ ಜೋಳದ ಹೊಲದಲ್ಲಿ ತಾಮ್ರ ಗಂಧಕಕ್ಕೆ ಸೋತಿತು. ಗುಣದಲ್ಲಿ ಅದು ಕಡಿಮೆಯದಾಗಿರಲಿಲ್ಲ; ಒಕ್ಕಲುತನದ ಹೊತ್ತುಗೊತ್ತಿಗೆ ಹೊಂದಲಿಲ್ಲ, ಅಷ್ಟೆ. ಬೆಳೆಯ ಮದ್ದುಗಳ ಇತಿಹಾಸ ಬರೆಯುವವರು ಪ್ರಯೋಗಶಾಲೆಯ ಅಂಕಿಗಳನ್ನು ಬರೆಯುತ್ತಾರೆ. ಕೂರಿಗೆಯ ತಾಳಿನಲ್ಲಿ ಅಂಟಿದ ಬೀಜದ ಮಾತನ್ನು ಬರೆಯುವವರು ಕಡಿಮೆ.

ಇಲ್ಲಿ ನಮ್ಮ ಸೀಮೆಯ ರಾಜಕೀಯದ ವಿಚಿತ್ರವನ್ನೂ ನೆನೆಯಬೇಕು. ಗದಗು ಇಂಗ್ಲಿಷರ ಕೈಯಲ್ಲಿ; ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು; ಲಕ್ಷ್ಮೇಶ್ವರ ಮಿರಜಿನದು; ಆಚೆ ಕೊಪ್ಪಳ ನಿಜಾಮನದು. ಒಬ್ಬನ ಬದುವಿನ ಈಚೆ ಒಂದು ಸರಕಾರ, ಆಚೆ ಇನ್ನೊಂದು. ಇಲಾಖೆಯ ಅಧಿಕಾರ ಸರಹದ್ದಿನ ಕಲ್ಲಿಗೆ ನಿಲ್ಲುತ್ತಿತ್ತು. ಕಾಡಿಗೆಯ ಹುಡಿ ನಿಲ್ಲುತ್ತಿರಲಿಲ್ಲ. ಸಂತೆಯಲ್ಲಿ ಕೊಂಡ ಬೀಜದ ಜೊತೆ ಅದು ಯಾವ ಸಂಸ್ಥಾನಕ್ಕಾದರೂ ಸುಂಕವಿಲ್ಲದೆ ಹೋಗಿ ಬರುತ್ತಿತ್ತು. 1948ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ಸೇರಿ, 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದು, 1997ರಲ್ಲಿ ಗದಗ ಜಿಲ್ಲೆ ಬೇರೆಯಾಗುವವರೆಗೆ ಈ ತಾಲೂಕುಗಳು ಕಂಡ ಯಜಮಾನರ ಪಟ್ಟಿ ಚಿಕ್ಕದಲ್ಲ.

ಜೋಳದಲ್ಲಿ ಸೋತ ತಾಮ್ರ ಬೇರೆಲ್ಲಿ ಗೆದ್ದಿತು? ಅದಕ್ಕೆ ಮತ್ತೆ ಫ್ರಾನ್ಸಿಗೆ ಹೋಗಬೇಕು. 1878ರ ಸುಮಾರಿಗೆ ಅಮೇರಿಕದಿಂದ ಬಂದ ಬೂಜುರೋಗವೊಂದು ಅಲ್ಲಿಯ ದ್ರಾಕ್ಷಿಯ ಎಲೆಯನ್ನು ಉದುರಿಸತೊಡಗಿತು. 1882ರ ಅಕ್ಟೋಬರದಲ್ಲಿ ಬೋರ್ಡೋ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ ಮೆದೋಕ್ ಪ್ರದೇಶದ ತೋಟವೊಂದರ ಬದಿಯಲ್ಲಿ ಹೋಗುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ತೋಟವೆಲ್ಲ ಬೋಳಾಗಿದ್ದರೂ ದಾರಿಯ ಪಕ್ಕದ ಸಾಲಿನ ಬಳ್ಳಿಗಳಲ್ಲಿ ಎಲೆ ಉಳಿದಿತ್ತು. ಆ ಎಲೆಗಳ ಮೇಲೆ ನೀಲಿಬಿಳುಪಿನ ಕಲೆಗಳಿದ್ದವು. ವಿಚಾರಿಸಿದಾಗ ತಿಳಿದದ್ದಿಷ್ಟೆ: ಹೋಗಿಬರುವವರು ಹಣ್ಣು ಕದಿಯುತ್ತಾರೆಂದು, ನೋಡಿದರೆ ವಿಷವೆಂದು ತೋರಲಿ ಎಂದು, ಮೈಲುತುತ್ತ ಸುಣ್ಣ ಕಲಸಿ ಎರಚಿದ್ದರು. ಕಳ್ಳನನ್ನು ಹೆದರಿಸಲು ಹೂಡಿದ ಉಪಾಯ ರೋಗವನ್ನು ಹೆದರಿಸಿತ್ತು. ರಸಾಯನಶಾಸ್ತ್ರಜ್ಞ ಗೇಯೋನನ ನೆರವು ಪಡೆದು ಮಿಲಾರ್ಡೆ ಮೂರು ವರ್ಷ ಪ್ರಯೋಗ ನಡೆಸಿ 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದನು. ಬೋರ್ಡೋ ದ್ರಾವಣ ಎಂಬ ಹೆಸರು ಹೀಗೆ ಬಂತು. ಅಕಸ್ಮಾತ್ತು ಎಂದು ಇದನ್ನು ಎಲ್ಲರೂ ಹೇಳುತ್ತಾರೆ. ಆ ದಾರಿಯಲ್ಲಿ ನೂರಾರು ಜನ ನಡೆದಿದ್ದರು. ಎಲೆ ಉಳಿದುದೇಕೆಂದು ಕೇಳಿದವನು ಒಬ್ಬನೇ.

ಸುಣ್ಣ ಸೇರಿದ್ದು ಸಣ್ಣ ಮಾತಲ್ಲ. ಬರಿಯ ಮೈಲುತುತ್ತದ ನೀರನ್ನು ಹಸಿರೆಲೆಯ ಮೇಲೆ ಎರಚಿದರೆ ರೋಗಕ್ಕೆ ಮೊದಲು ಎಲೆಯೇ ಸುಡುತ್ತದೆ. ಸುಣ್ಣ ಕೂಡಿದಾಗ ತಾಮ್ರ ನೀರಿನಲ್ಲಿ ಕರಗದ ತೆಳುವಾದ ಪೊರೆಯಾಗಿ ಎಲೆಗೆ ಅಂಟುತ್ತದೆ. ಮಳೆಯ ನೀರಿಗೆ, ಮೊಳೆಯುವ ಶಿಲೀಂಧ್ರದ ರಸಕ್ಕೆ ಅದು ಚೂರುಚೂರಾಗಿ ತಾಮ್ರವನ್ನು ಬಿಟ್ಟುಕೊಡುತ್ತದೆ. ಆ ಚೂರು ಶಿಲೀಂಧ್ರದ ಜೀವಕೋಶಕ್ಕೆ ಹೊಕ್ಕು ಅದರ ಕಿಣ್ವಗಳ ಕೆಲಸ ಕೆಡಿಸುತ್ತದೆ. ಆದ್ದರಿಂದ ಇದು ಬೇಲಿಯೇ ಹೊರತು ಔಷಧವಲ್ಲ. ದನ ಹೊಲಕ್ಕೆ ಹೊಕ್ಕ ಮೇಲೆ ಬೇಲಿ ಹಾಕಿದವನ ಗತಿಯೇ ರೋಗ ಒಳಹೊಕ್ಕ ಮೇಲೆ ಬೋರ್ಡೋ ಹೊಡೆದವನ ಗತಿ.

ಮೈಸೂರು ಮಲೆನಾಡಿನಲ್ಲಿ, ಉತ್ತರ ಕನ್ನಡದಲ್ಲಿ, ದಕ್ಷಿಣ ಕನ್ನಡದಲ್ಲಿ ಅಡಕೆಯ ತೋಟಿಗರು ಆಗ ಇಂಥದೇ ಒಂದು ಬೇಲಿಗಾಗಿ ಕಾಯುತ್ತಿದ್ದರೆಂದು ಹೇಳಬಹುದು. ಮುಂಗಾರು ಹಿಡಿದ ಮೇಲೆ ಎಳೆಗಾಯಿಗಳ ಮೇಲೆ ನೀರು ಹೀರಿದಂಥ ಕಲೆ ಬಿದ್ದು, ಬಿಳಿಯ ಬೂಜು ಹಬ್ಬಿ, ಗೊನೆಗಳು ತಟತಟನೆ ಉದುರುತ್ತಿದ್ದವು. ಮೇಲೆ ಅದಕ್ಕೆ ಕೊಳೆರೋಗವೆಂದೂ ಕರಾವಳಿಯಲ್ಲಿ ಮಹಾಳಿಯೆಂದೂ ಹೆಸರು. ತಡೆಯುವ ಉಪಾಯ ಒಂದೇ: ಕೊಟ್ಟೆ ಕಟ್ಟುವುದು. ಹುಲ್ಲಿನಿಂದಲೋ ಹಾಳೆಯಿಂದಲೋ ಮಾಡಿದ ಕೊಟ್ಟೆಯನ್ನು ಕೊನೆಗೌಡ ಮರ ಹತ್ತಿ ಒಂದೊಂದು ಗೊನೆಗೂ ಕೊಡೆಯಂತೆ ಕಟ್ಟಬೇಕು. ಮಳೆ ತಾಗದಿದ್ದರೆ ಕೊಳೆ ತಾಗದು ಎಂಬ ಅನುಭವ ಅದರ ಹಿಂದಿತ್ತು. ಅದು ಸರಿಯಾದ ಅನುಭವವೆಂಬುದು ಮುಂದೆ ಸಿದ್ಧವಾಯಿತು.

ಸಿದ್ಧಮಾಡಿದವನು ಲೆಸ್ಲಿ ಕೋಲ್ಮನ್. ಕೆನಡಾದವನು, ಟೊರೊಂಟೋದಲ್ಲಿಯೂ ಜರ್ಮನಿಯ ಗಟ್ಟಿಂಗೆನ್ನಿನಲ್ಲಿಯೂ ಓದಿದವನು. 1908ರಲ್ಲಿ ಮೈಸೂರು ಸರಕಾರದ ಶಿಲೀಂಧ್ರ ಹಾಗೂ ಕೀಟಶಾಸ್ತ್ರಜ್ಞನಾಗಿ ಬಂದನು. ಮುಂದೆ ಇಲಾಖೆಯ ನಿರ್ದೇಶಕನಾದನು. 1913ರ ಹೆಬ್ಬಾಳದ ಕೃಷಿ ಶಾಲೆ, 1925ರ ಬಾಳೆಹೊನ್ನೂರಿನ ಕಾಫಿ ಸಂಶೋಧನ ಕೇಂದ್ರ ಇವೆಲ್ಲ ಅವನ ಕಾಲದ ಕೆಲಸಗಳು. ಬಂದ ಹೊಸದರಲ್ಲಿ ಅವನು ಕೈಗೆತ್ತಿಕೊಂಡದ್ದು ಕೊಳೆರೋಗವನ್ನು. 1910ರಲ್ಲಿ ಅವನ ವರದಿ ಪ್ರಕಟವಾಯಿತು. ರೋಗಕ್ಕೆ ಕಾರಣ ಫೈಟಾಫ್ತೊರ ವಂಶದ ಜೀವಿ ಎಂದು ತೋರಿಸಿದನು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಯನ್ನು ನೆಲದಲ್ಲಿಯೇ ಕೊಳೆಯಿಸಿ ಹತ್ತು ಲಕ್ಷ ಜನರ ಸಾವಿಗೆ ಕಾರಣವಾದದ್ದು ಇದರ ದಾಯಾದಿ. ಈ ವಂಶದ ಬೀಜಾಣುಗಳಿಗೆ ಈಜುವ ಬಾಲವಿದೆ. ನೀರಿನ ಪೊರೆ ಇದ್ದರೆ ಕಾಯಿಯಿಂದ ಕಾಯಿಗೆ ಈಜುತ್ತವೆ. ಕೊಟ್ಟೆ ಕಟ್ಟಿದರೆ ರೋಗ ತಗ್ಗುವುದೇಕೆಂದು ಈಗ ತಿಳಿಯಿತು. ಶಾಸ್ತ್ರ ಬರುವ ಮೊದಲೇ ಮಲೆನಾಡಿನವರು ಸರಿಯಾದ ಕಡೆಗೇ ಕೈಹಾಕಿದ್ದರು.

ಆದರೆ ಬೋರ್ಡೋವನ್ನು ಮಲೆನಾಡಿನ ಮಳೆಗೆ ಒಡ್ಡುವುದು ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಎರಚಿದಂತಲ್ಲ. ಆಗುಂಬೆಯ ಆಸುಪಾಸಿನ ಮಳೆಗೆ ಬಂಡೆಯ ಮೇಲಿನ ಪಾಚಿ ಕೂಡ ಜಾರುತ್ತದೆ. ಕಾಯಿಯ ಮೇಲಿನ ಪೊರೆ ಉಳಿದೀತೆ? ಕೋಲ್ಮನ್ ರಾಳವನ್ನೂ ಸೋಡಾವನ್ನೂ ಕುದಿಸಿದ ಅಂಟನ್ನು ದ್ರಾವಣಕ್ಕೆ ಕೂಡಿಸಿದನು. ನುಣುಪಾದ ಅಡಕೆಯ ಮೇಲೆ ಅದು ಹಿಡಿದುಕೊಂಡಿತು. ಮಳೆ ಹಿಡಿಯುವ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನಗಳ ಮೇಲೆ ಹೊಳವು ನೋಡಿ ಇನ್ನೊಮ್ಮೆ ಹೊಡೆಯುವ ಕ್ರಮ ತೋಟಗಳಲ್ಲಿ ನೆಲೆನಿಂತಿತು. ತಾಮ್ರದ ಮದ್ದನ್ನು ಉತ್ತಮಪಡಿಸಿದ ಕೆಲಸವೆಂದು ಹೇಳುವಾಗ ನಾನು ಮೊದಲು ನೆನೆಯುವುದು ಈ ರಾಳದ ಅಂಟನ್ನು. ಮದ್ದು ಫ್ರಾನ್ಸಿನದು, ಅದನ್ನು ನಮ್ಮ ಮಳೆಗೆ ತಕ್ಕಂತೆ ತಿದ್ದಿದ್ದು ನಮ್ಮ ನೆಲ. ಅಡಕೆ ಅನ್ನವಲ್ಲ, ತಾಂಬೂಲವಷ್ಟೆ ಎಂದು ಯಾರಾದರೂ ಆಕ್ಷೇಪಿಸಿದರೆ, ಆ ತಾಂಬೂಲದಿಂದಲೇ ಮಲೆನಾಡಿನ ಎಷ್ಟೋ ಮನೆಗಳಿಗೆ ಅನ್ನ ಎಂದು ಉತ್ತರ.

ಕೊಳೆರೋಗ ಎಂಬ ಕನ್ನಡದ ಮಾತೇ ಲ್ಯಾಟಿನಿಗೆ ಹೋದ ಕಥೆ ಇನ್ನೊಂದಿದೆ. ಕಾಫಿ ಗಿಡದ ಎಲೆ ಕಪ್ಪಾಗಿ ಕೊಳೆತು ನೂಲಿಗೆ ಜೋತುಬಿದ್ದಂತೆ ತೂಗುವ ರೋಗವೊಂದಿದೆ. ಮೈಸೂರಿನಿಂದ ಹೋದ ಮಾದರಿಯನ್ನು ಇಂಗ್ಲೆಂಡಿನ ಕುಕ್ ಎಂಬ ಶಿಲೀಂಧ್ರಶಾಸ್ತ್ರಜ್ಞ 1876ರಲ್ಲಿ ವರ್ಣಿಸಿ ಅದಕ್ಕೆ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟನು. ಮುಂದೆ 1958ರಲ್ಲಿ ಕುಲವನ್ನು ಬದಲಿಸಿದಾಗ ಕೊಳೆರೋಗ ಎಂಬುದೇ ಕುಲದ ಹೆಸರಾಯಿತು. ತೋಟದ ಆಳು ಆಡಿದ ಮಾತು ಜಗತ್ತಿನ ಸಸ್ಯಶಾಸ್ತ್ರದಲ್ಲಿ ಕುಳಿತಿದೆ. ಅದಕ್ಕೂ, ಕಾಫಿಯ ಎಲೆಯ ತುಕ್ಕಿಗೂ ಮಲೆನಾಡು ಕೊಡಗುಗಳ ತೋಟಗಳಲ್ಲಿ ಬೋರ್ಡೋವನ್ನೇ ತಲೆಮಾರುಗಳಿಂದ ಹೊಡೆಯುತ್ತ ಬಂದಿದ್ದಾರೆ.

ದ್ರಾವಣ ಕೂಡಿಸುವುದು ನೋಡಲು ಅಡಿಗೆಯಂತೆಯೇ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಒಂದು ಪಾತ್ರೆಯಲ್ಲಿ ಹರಳನ್ನು ಅರಿವೆಯ ಗಂಟಿನಲ್ಲಿ ಇಳಿಬಿಟ್ಟು ಕರಗಿಸಬೇಕು. ಇನ್ನೊಂದರಲ್ಲಿ ಸುಣ್ಣದ ಕಲ್ಲನ್ನು ಅರಳಿಸಿ ತಿಳಿಮಾಡಿ ಸೋಸಬೇಕು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕಲಕಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಹೊಯ್ದರೆ ಗಸಿ ದಪ್ಪವಾಗಿ ಬೇಗ ತಳ ಸೇರುತ್ತದೆ. ಪಾತ್ರೆ ಮಣ್ಣಿನದೋ ಮರದ್ದೋ ಇರಬೇಕು. ಈಗ ಪ್ಲಾಸ್ಟಿಕ್ ಪೀಪಾಯಿ ಬಂದಿದೆ. ಕಬ್ಬಿಣ ಕೂಡದು, ತಾಮ್ರ ಕಬ್ಬಿಣವನ್ನು ತಿಂದು ತಾನು ಅದರ ಮೇಲೆ ಕೂಡುತ್ತದೆ. ಇದೇ ದೋಷವನ್ನು ಪರೀಕ್ಷೆಗೂ ಬಳಸುತ್ತಾರೆ. ಹೊಳೆಯುವ ಚಾಕುವನ್ನೋ ಕುಡುಗೋಲನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಕೆಂಪು ಬಣ್ಣ ಹತ್ತಿದ್ದರೆ ಸುಣ್ಣ ಸಾಲದು ಎಂದರ್ಥ. ಹತ್ತದಿದ್ದರೆ ಹೊಡೆಯಬಹುದು. ಕೂಡಿಸಿದ ದಿನವೇ ಮುಗಿಸಬೇಕು; ರಾತ್ರಿ ಕಳೆದ ಬೋರ್ಡೋ ಹಳಸಿದ ಸಾರಿನಂತೆ.

ಇಷ್ಟು ಅಗ್ಗದ, ಇಷ್ಟು ಸರಳವಾದ ಮದ್ದಿಗೆ ಎಲ್ಲರಿಗಿಂತ ಹೆಚ್ಚು ಬೆಲೆ ತೆತ್ತವನು ಕೊನೆಗೌಡನೇ. ಜಾರುವ ಮರ, ಒದ್ದೆಯ ಗಾಳಿ, ಕೆಳಗಿನಿಂದ ಪಂಪು ಒತ್ತುವವನ ಕೂಗು, ಮುಖಕ್ಕೇ ತಿರುಗಿ ಬೀಳುವ ನೀಲಿ ತುಂತುರು. ಒಂದು ಮರದ ತಲೆಯಿಂದ ಮುಂದಿನದಕ್ಕೆ ಬಾಗಿ ದಾಟುವ ಆ ಜಾಣ್ಮೆಯನ್ನು ಕಂಡವರು ಮರೆಯುವುದಿಲ್ಲ. ಬಿದ್ದವರನ್ನೂ ಊರು ಮರೆಯುವುದಿಲ್ಲ. ಈಚಿನ ವರ್ಷಗಳಲ್ಲಿ ನೆಲದ ಮೇಲೆಯೇ ನಿಂತು ಹೊಡೆಯಲು ಬರುವ ಹಗುರವಾದ ಕಾರ್ಬನ್ ನಾರಿನ ದೋಟಿಗಳು ಬಂದಿವೆ. ನನ್ನ ದೃಷ್ಟಿಯಲ್ಲಿ ಈ ಮದ್ದಿಗೆ ಆದ ಸುಧಾರಣೆಗಳಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನು ನಮ್ಮ ಎರೆನಾಡಿಗೆ ಮರಳೋಣ. ತಾಮ್ರ ಜೋಳದ ಬಾಗಿಲಿನಿಂದ ಹೋದದ್ದು ಹಣ್ಣಿನ ತೋಟದ ಬಾಗಿಲಿನಿಂದ ತಿರುಗಿ ಬಂತು. ಕೊಳವೆಬಾವಿಯ ನೀರು ನಂಬಿ ವಿಜಾಪುರ, ಬಾಗಲಕೋಟೆ, ಕೊಪ್ಪಳ ಸೀಮೆಗಳಲ್ಲಿ ದ್ರಾಕ್ಷಿಯೂ ದಾಳಿಂಬೆಯೂ ಎದ್ದವು. ದಾಳಿಂಬೆಯ ದುಂಡಾಣು ಅಂಗಮಾರಿಯನ್ನು 1952ರಲ್ಲಿ ದಿಲ್ಲಿಯಲ್ಲಿ ಮೊದಲು ವರ್ಣಿಸಿದ್ದರು. ಆಗ ಅದು ಗ್ರಂಥದ ವಿಷಯ. 2000ದ ಮೇಲಿನ ವರ್ಷಗಳಲ್ಲಿ ಅದು ನಮ್ಮ ಉತ್ತರ ಜಿಲ್ಲೆಗಳ ತೋಟಗಳಿಗೆ ಹೊಕ್ಕು, ಹಣ್ಣಿನ ಮೇಲೆ ಎಣ್ಣೆಯಂಥ ಕಲೆ ಬಿದ್ದು, ಆ ಕಲೆ ನಕ್ಷತ್ರದಂತೆ ಸೀಳಿ, ಸಾಲ ಮಾಡಿ ಬೆಳೆಸಿದ ಗಿಡಗಳನ್ನು ಬೇರುಸಹಿತ ಕಿತ್ತವರು ಎಷ್ಟೋ ಮಂದಿ. ಇಲ್ಲಿಯೂ ಮೊದಲು ಕೈಗೆ ಬಂದದ್ದು ಮೈಲುತುತ್ತ ಸುಣ್ಣಗಳೇ. ಚಾಟನಿಯ ಮೇಲೆ ಶೇಕಡಾ ಒಂದರ ಬೋರ್ಡೋ, ಆಮೇಲೆ ತಾಮ್ರದ ಆಕ್ಸಿಕ್ಲೋರೈಡ್, ಅದರ ಜೊತೆಗೆ ಸ್ಟ್ರೆಪ್ಟೊಮೈಸಿನ್.

ಈ ಜೊತೆಗಾರನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಮನುಷ್ಯನ ಕ್ಷಯಕ್ಕೆ ಕೊಡುವ ಮದ್ದನ್ನು ಗಿಡದ ಮೇಲೆ ಎರಚುತ್ತ ಹೋದರೆ ದುಂಡಾಣುಗಳು ಅದನ್ನು ಜೀರ್ಣಿಸಿಕೊಳ್ಳಲು ಕಲಿಯುತ್ತವೆ. ಕೇಂದ್ರ ಸರಕಾರ 2021ರ ಡಿಸೆಂಬರಿನಲ್ಲಿ ಇದನ್ನು ಬೆಳೆಗಳ ಮೇಲೆ ನಿಷೇಧಿಸುವ ಕರಡು ಆದೇಶ ಹೊರಡಿಸಿದ್ದು ಇದೇ ಭಯದಿಂದ. ಹಾಗಾದರೆ ಭಾರವೆಲ್ಲ ಮತ್ತೆ ತಾಮ್ರದ ಹೆಗಲಿಗೆ. ತಾಮ್ರವನ್ನು ತಾಳುವ ದುಂಡಾಣು ಇಲ್ಲವೆ? ಇದೆ. ಅಮೇರಿಕದ ಫ್ಲೋರಿಡಾದಲ್ಲಿ ಟೊಮೇಟೊ, ದೊಣ್ಣಮೆಣಸುಗಳ ಮೇಲೆ ಅಂಥವು 1980ರ ದಶಕದಲ್ಲಿಯೇ ಕಂಡವು. ಮ್ಯಾಂಕೊಜೆಬ್ ಎಂಬ ಇನ್ನೊಂದು ಹುಡಿಯನ್ನು ಕೂಡಿಸಿದರೆ ತಾಮ್ರ ಹೆಚ್ಚು ಬಿಡುಗಡೆಯಾಗಿ ಅವನ್ನೂ ಮಟ್ಟಹಾಕುತ್ತದೆ ಎಂಬುದೂ ಅಲ್ಲಿಯೇ ತಿಳಿಯಿತು. ಒಂದು ಗಂಟು ಬಿಚ್ಚಿದರೆ ಇನ್ನೊಂದು.

ಲೋಹದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡೋಣ. ಒಂದು ಕಿಲೋ ಮೈಲುತುತ್ತದಲ್ಲಿ ತಾಮ್ರ ಕಾಲು ಕಿಲೋದಷ್ಟು. ಉಳಿದದ್ದು ಗಂಧಕ, ಆಮ್ಲಜನಕ, ನೀರು. ಶೇಕಡಾ ಒಂದರ ಬೋರ್ಡೋದ ಲೀಟರಿಗೆ ಎರಡೂವರೆ ಗ್ರಾಂ ತಾಮ್ರ. ಲೀಟರಿಗೆ ಮೂರು ಗ್ರಾಂ ಹಾಕುವ ಆಕ್ಸಿಕ್ಲೋರೈಡಿನಲ್ಲಿ ಒಂದೂವರೆ ಗ್ರಾಂ. ಹೆಕ್ಟೇರಿಗೆ ಸಾವಿರ ಲೀಟರ್ ಬೋರ್ಡೋ ಹೊಡೆದರೆ ನೆಲಕ್ಕೆ ಎರಡೂವರೆ ಕಿಲೋ ತಾಮ್ರ. ಎರಡು ಸಲಕ್ಕೆ ಐದು. ಯುರೋಪಿನ ಒಕ್ಕೂಟ 2018ರಲ್ಲಿ ಹಾಕಿದ ಮಿತಿ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ, ಎಂದರೆ ವರ್ಷಕ್ಕೆ ಸರಾಸರಿ ನಾಲ್ಕು. ಬೋರ್ಡೋ ಹುಟ್ಟಿದ ದೇಶದಲ್ಲಿಯೇ ಬೋರ್ಡೋವನ್ನು ಅಳೆದು ಕೊಡುತ್ತಾರೆ. ಕಾರಣ ಸರಳ: ತಾಮ್ರ ಕೊಳೆಯುವುದಿಲ್ಲ, ಹಾರಿಹೋಗುವುದಿಲ್ಲ. ಅಜ್ಜ ಹೊಡೆದದ್ದು ಮೊಮ್ಮಗನ ಮಣ್ಣಿನಲ್ಲಿದೆ. ಹಳೆಯ ದ್ರಾಕ್ಷಿತೋಟಗಳಲ್ಲಿ ಎರೆಹುಳು ಕಡಿಮೆಯಾಗುವಷ್ಟು ಅದು ಕೂಡಿಕೊಂಡಿದೆ. ನಮ್ಮ ಸುಣ್ಣದಂಶದ ಎರೆಮಣ್ಣು ತಾಮ್ರವನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ. ಕೇಡು ಬೇಗ ಕಾಣದು. ಕಾಣದಿರುವುದೇ ಇಲ್ಲಿ ತೊಂದರೆ. ಕಾಡಿಗೆಯೂ ಹಾಗೆಯೇ ಅಲ್ಲವೆ, ತೆನೆ ಬಿಚ್ಚುವವರೆಗೆ ಕಾಣದು.

ತಾಮ್ರವೇ ನೆಲಕ್ಕೆ ಪರಕೀಯವೆಂದಲ್ಲ. ಚಿತ್ರದುರ್ಗದ ಬಳಿ ಇಂಗಳದಾಳಿನಲ್ಲಿ ತಾಮ್ರದ ಗಣಿ ನಡೆದದ್ದುಂಟು. ಅದೇ ಶಿಲಾಪಟ್ಟಿಯ ಬಡಗಣ ತುದಿ ಕಪ್ಪತಗುಡ್ಡದ ಮೂಲಕ ಗದಗಿನ ಕಡೆ ಬಂದಿದೆ. ಬೆಳೆಗೂ ತಾಮ್ರ ಬೇಕು, ಚಿಟಿಕೆಯಲ್ಲಿ ಚಿಟಿಕೆಯಷ್ಟು. ಈಗಿನ ಶೋಧನೆಯೆಲ್ಲ ಆ ಚಿಟಿಕೆಯ ಕಡೆಗೆ ಸಾಗುತ್ತಿದೆ. ಎರಕದ ಗುಂಡಿನಂತೆ ದಪ್ಪವಾಗಿ ಬಿದ್ದ ಕಣಕ್ಕಿಂತ ಅದನ್ನೇ ಸಾವಿರ ಚೂರಾಗಿ ಮಾಡಿ ಹರಡಿದರೆ ಎಲೆಯ ಹೆಚ್ಚು ಭಾಗ ಮುಚ್ಚುತ್ತದೆ. ಕಡಿಮೆ ಲೋಹದಲ್ಲಿ ಅಷ್ಟೇ ಕಾವಲು. ಆಕ್ಸಿಕ್ಲೋರೈಡ್, ಕ್ಯುಪ್ರಸ್ ಆಕ್ಸೈಡ್, ಹೈಡ್ರಾಕ್ಸೈಡ್ ಎಂದು ಒಂದರ ಹಿಂದೆ ಒಂದು ಬಂದ ಕಾರ್ಖಾನೆಯ ಹುಡಿಗಳ ಹಿಂದೆ ಇರುವುದು ಇದೇ ತತ್ವ. ಕಣವನ್ನು ನ್ಯಾನೋ ಮಟ್ಟಕ್ಕೆ ಇಳಿಸುವವರದೂ ಇದೇ. ಆದರೆ ಅಷ್ಟು ಸಣ್ಣ ಕಣ ಮಣ್ಣಿನಲ್ಲಿ, ಮನುಷ್ಯನ ಉಸಿರಿನಲ್ಲಿ ಏನು ಮಾಡೀತು ಎಂಬುದನ್ನು ನೋಡದೆ ಅಂಗಡಿಗೆ ತಂದರೆ ಪ್ರೆವೋನ ಪ್ರಬಂಧವನ್ನು ಸರಿಸಿದ ಪಂಡಿತರ ತಪ್ಪನ್ನೇ ಇನ್ನೊಂದು ದಿಕ್ಕಿನಿಂದ ಮಾಡಿದಂತಾದೀತು.

ಶಿರಹಟ್ಟಿಯ ಕಡೆ ಈಗ ಜೋಳಕ್ಕಿಂತ ಗೋವಿನಜೋಳ ಹೆಚ್ಚು ಕಣ್ಣಿಗೆ ಬೀಳುತ್ತದೆ. ಅಂಗಡಿಯಿಂದ ತರುವ ಬೀಜಕ್ಕೆ ಮೊದಲೇ ಮದ್ದು ಬಳಿದು ಕೆಂಪೋ ಹಸಿರೋ ಬಣ್ಣ ಹಾಕಿರುತ್ತಾರೆ. ಕಾಡಿಗೆ ತೆನೆಯನ್ನು ತೋರಿಸು ಎಂದರೆ ಎಷ್ಟೋ ಹುಡುಗರಿಗೆ ಗೊತ್ತಾಗದು. ಆದರೂ ರೊಟ್ಟಿಗೆ ಹಳೆಯ ಬಿಳಿಜೋಳವೇ ಬೇಕೆಂದು ಮನೆಯ ಬೀಜವನ್ನು ಇಟ್ಟುಕೊಂಡು ಬಿತ್ತುವವರು ಇನ್ನೂ ಉಂಟು. ಅಂಥವರ ಹೊಲದಲ್ಲಿ ಎಳ್ಳಮಾಸಿಯ ದಿನ ಚರಗ ಚೆಲ್ಲಲು ಹೋದಾಗ ಸಾಲಿನ ನಡುವೆ ಬೂದುಬಿಳುಪಿನ ಒಂದು ತೆನೆ ಕಂಡರೆ, ಅದನ್ನು ಚೀಲಗಳು ಒಡೆಯದಂತೆ ಮೆಲ್ಲಗೆ ಕೊಯ್ದು ಅರಿವೆಯಲ್ಲಿ ಸುತ್ತಿ ತಂದು ಒಲೆಗೆ ಹಾಕಬೇಕು. ಬಿತ್ತುವ ಮುಂಚೆ ನಾಲ್ಕು ಗ್ರಾಂ ಗಂಧಕ. ಇನ್ನೂ ಅಗ್ಗವಾಗಿಯೇ ಸಿಗುತ್ತದೆ.